ಆಖ್ಯಾನ ರಂಗಭೂಮಿಯೂ ನಟನ ಅಭ್ಯಾಸಕ್ರಮವೂ

ಜರ್ಮನ್ ನಾಟಕಕರ್ತನಾದ ಬರ್ಟೋಲ್ಟ್ ಬ್ರೆಖ್ಟನ (1898–1956) ಹೆಸರು ನಮ್ಮ ನಾಟಕವಿಮರ್ಶೆಯಲ್ಲಿ ಬಳಕೆಗೆ ಬಂದು ಬಹುಕಾಲವಾಯಿತು. ಆದರೂ ಅವನ ಮತವನ್ನು ಕುರಿತ ಚರ್ಚೆಯು ಹೆಚ್ಚಾಗಿ ನಾಟಕದ ಕಟ್ಟಡವನ್ನೋ ಪ್ರೇಕ್ಷಕನ ಮನಃಸ್ಥಿತಿಯನ್ನೋ ಹಿಡಿದು ನಡೆಯುವುದೇ ಹೊರತು, ಇವೆರಡರ ನಡುವೆ ನಿಂತಿರುವ ನಟನು ಏನನ್ನು ಕಲಿಯಬೇಕು, ಯಾವ ಕ್ರಮದಿಂದ ಕಲಿಯಬೇಕು ಎಂಬ ಪ್ರಶ್ನೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇದರ ಫಲವಾಗಿ ನಾಟ್ಯವಿದ್ಯಾರ್ಥಿಗಳಲ್ಲಿ ಒಂದು ವಿಲಕ್ಷಣವಾದ ಸಂಪ್ರದಾಯವು ಬೆಳೆದಿದೆ. ಸ್ವರವನ್ನು ತಣ್ಣಗೆ ಮಾಡಿಕೊಂಡು, ಮುಖವನ್ನು ಕಲ್ಲಾಗಿಸಿ, ಪ್ರೇಕ್ಷಕರತ್ತ ತಿರುಗಿ ಮಾತನಾಡಿದರೆ ಅದೇ ಬ್ರೆಖ್ಟನ ಮಾರ್ಗವೆಂದು ಅವರು ತಿಳಿಯುವರು. ಈ ಭ್ರಾಂತಿಗೆ ಬ್ರೆಖ್ಟನ ಬರೆಹಗಳೇ ಒಂದು ಮಟ್ಟಿಗೆ ಕಾರಣವೆಂಬುದನ್ನೂ, ಅದೇ ಬರೆಹಗಳಲ್ಲಿ ಅದಕ್ಕೆ ಮದ್ದೂ ಇದೆಯೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಪರಿಭಾಷೆಯ ವಿಷಯ. ‘ಎಪಿಕ್’ ಎಂಬ ಮಾತನ್ನು ‘ಮಹಾಕಾವ್ಯ’ವೆಂದು ಕನ್ನಡಿಸುವ ರೂಢಿಯುಂಟು. ಇದು ದಾರಿ ತಪ್ಪಿಸುವ ಅನುವಾದ. ಹದಿನೆಂಟು ವರ್ಣನೆಗಳುಳ್ಳ ಸರ್ಗಬಂಧಕ್ಕೂ ಈ ರಂಗಭೂಮಿಗೂ ಯಾವ ನಂಟೂ ಇಲ್ಲ. ಅರಿಸ್ಟಾಟಲನು ‘ಕಾವ್ಯಮೀಮಾಂಸೆ’ಯಲ್ಲಿ ಮಾಡಿ ತೋರಿಸುವ ಅನುಕರಣಕ್ಕೂ ಹೇಳಿ ತೋರಿಸುವ ಅನುಕರಣಕ್ಕೂ ಭೇದವನ್ನು ಕಲ್ಪಿಸಿದನಷ್ಟೆ, ಜರ್ಮನರು ‘ಎಪಿಕ್’ ಎನ್ನುವಾಗ ಈ ಎರಡನೆಯದನ್ನು, ಎಂದರೆ ಕಥನವನ್ನು, ಮನಸ್ಸಿನಲ್ಲಿಟ್ಟಿರುವರು. ಆದುದರಿಂದ ‘ಆಖ್ಯಾನ ರಂಗಭೂಮಿ’ಯೆಂಬ ಹೆಸರು ಹೆಚ್ಚು ಒಪ್ಪುವುದು. ಇನ್ನು ‘ಫೆರ್‌ಫ್ರೆಮ್ಡುಂಗ್’ ಎಂಬ ಮಾತು. ಇದನ್ನು ‘ದೂರೀಕರಣ’, ‘ಅನ್ಯೀಕರಣ’, ‘ಪರಕೀಯಗೊಳಿಸುವಿಕೆ’ ಎಂದು ಬಗೆಬಗೆಯಾಗಿ ಹೇಳುವರು. ಇವುಗಳಲ್ಲಿ ಯಾವುದನ್ನು ಕೇಳಿದರೂ ವಿದ್ಯಾರ್ಥಿಯು ತಾನು ಪಾತ್ರದಿಂದ ದೂರ ಸರಿಯಬೇಕೆಂದು ಭಾವಿಸುವುದು ಸಹಜ. ವಾಸ್ತವವಾಗಿ ದೂರ ಸರಿಯಬೇಕಾದದ್ದು ಪರಿಚಯದ ಜಡತೆ. ನಿತ್ಯವೂ ಕಂಡು ಕಂಡು ಕಣ್ಣಿಗೆ ಬೀಳದಂತಾದ ಸಂಗತಿಯನ್ನು ಮೊದಲ ಸಲ ಕಂಡಂತೆ ಕಾಣಿಸುವುದೇ ಇದರ ಗುರಿ. ‘ಅಪೂರ್ವೀಕರಣ’ವೆಂದರೆ ಮೂಲದ ಭಾವಕ್ಕೆ ಸಮೀಪವಾದೀತು.

ಭ್ರಾಂತಿಗೆ ಮೂಲವೆಂದೆನಲ್ಲ, ಅದು 1930ರಲ್ಲಿ ‘ಮಹಾಗೊನ್ನಿ’ ಸಂಗೀತನಾಟಕದ ಟಿಪ್ಪಣಿಗಳೊಡನೆ ಪ್ರಕಟವಾದ ಒಂದು ಪಟ್ಟಿ. ಅದರ ಒಂದು ಕಡೆ ಹಳೆಯ ನಾಟ್ಯಮಾರ್ಗದ ಲಕ್ಷಣಗಳನ್ನೂ ಇನ್ನೊಂದು ಕಡೆ ಹೊಸದರ ಲಕ್ಷಣಗಳನ್ನೂ ಎದುರುಬದುರಾಗಿ ಬರೆದಿದೆ. ಪಾಠ ಹೇಳುವವರಿಗೆ ಇಂಥ ಪಟ್ಟಿಗಿಂತ ಪ್ರಿಯವಾದದ್ದು ಬೇರೊಂದಿಲ್ಲ. ಹಲಗೆಯ ಮೇಲೆ ಬರೆಯಲು ಅನುಕೂಲ, ಪರೀಕ್ಷೆಯಲ್ಲಿ ಕೇಳಲು ಇನ್ನೂ ಅನುಕೂಲ. ಆದರೆ ಇವು ಪರಸ್ಪರ ವಿರುದ್ಧವಾದ ಕೋಟಿಗಳಲ್ಲ, ಒತ್ತು ಬೀಳುವ ಸ್ಥಾನದಲ್ಲಿನ ವ್ಯತ್ಯಾಸ ಮಾತ್ರ ಎಂದು ಬ್ರೆಖ್ಟನೇ ಅಡಿಯಲ್ಲಿ ಎಚ್ಚರಿಸಿರುವನು. ಪಟ್ಟಿಯು ಊರೂರು ಸುತ್ತಿತು. ಅಡಿಟಿಪ್ಪಣಿಯು ಪುಸ್ತಕದಲ್ಲಿಯೇ ಉಳಿಯಿತು. 1948ರಲ್ಲಿ ರಚಿತವಾದ ‘ರಂಗಭೂಮಿಗೆ ಕಿರುಸೂತ್ರ’ದಲ್ಲಿಯಂತೂ ಪಾತ್ರದೊಡನೆ ತಾದಾತ್ಮ್ಯವನ್ನು ಅಭ್ಯಾಸದ ಒಂದು ಘಟ್ಟದಲ್ಲಿ ಅವಲೋಕನದ ಸಾಧನವಾಗಿ ಬಳಸಬಹುದೆಂದು ಅವನು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾನೆ. ಭಾವವೇ ಕೂಡದೆಂದು ಅವನು ಹೇಳಿದವನಲ್ಲ. ನಟನ ಭಾವವು ಪಾತ್ರದ ಭಾವವೇ ಆಗಿರಬೇಕಾದ ನಿರ್ಬಂಧವಿಲ್ಲ ಎಂಬುದಷ್ಟೇ ಅವನ ಮಾತು.

ಅಭ್ಯಾಸದ ವಿಷಯದಲ್ಲಿ ಬ್ರೆಖ್ಟನು ಕೊಡುವ ಮೊದಲ ಮಾದರಿ ಬೀದಿಯದು. 1938ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ರಸ್ತೆಯಲ್ಲಿ ನಡೆದ ಅಪಘಾತವೊಂದನ್ನು ಕಣ್ಣಾರೆ ಕಂಡವನು ಆಮೇಲೆ ಬಂದು ನೆರೆದವರಿಗೆ ಅದನ್ನು ಮಾಡಿ ತೋರಿಸುವ ಸನ್ನಿವೇಶವನ್ನು ಎತ್ತಿಕೊಳ್ಳುವನು. ಈ ಸಾಕ್ಷಿಯು ಗಾಡಿ ನಡೆಸಿದವನೂ ಆಗುವನು, ಕೆಳಗೆ ಬಿದ್ದವನೂ ಆಗುವನು. ಆದರೆ ಯಾವನೂ ಅವನನ್ನು ಗಾಡಿಯವನೆಂದು ಭ್ರಮಿಸುವುದಿಲ್ಲ. ತಪ್ಪು ಯಾರದೆಂಬುದನ್ನು ನಿರ್ಣಯಿಸಲು ಎಷ್ಟು ಬೇಕೋ ಅಷ್ಟನ್ನೇ ಅವನು ಅನುಕರಿಸುವನು. ಬಿದ್ದವನು ಬಲಕ್ಕೆ ನೋಡಿದನೋ ಎಡಕ್ಕೆ ನೋಡಿದನೋ ಎಂಬುದು ಮುಖ್ಯವಾದರೆ ಆ ಕತ್ತಿನ ತಿರುವನ್ನು ಬಹು ಎಚ್ಚರಿಕೆಯಿಂದ ಮಾಡುವನು. ಅವನ ಅಂಗಿಯ ಬಣ್ಣವನ್ನು ಕೇಳಿದರೆ ನೆನಪಿಲ್ಲವೆಂದುಬಿಡುವನು. ನಟನ ಕಲೆಯಲ್ಲಿ ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂಬುದಕ್ಕೆ ಸೌಂದರ್ಯಕ್ಕಿಂತ ಬೇರೆಯಾದ ಒಂದು ಪ್ರಮಾಣವು ಇಲ್ಲಿ ದೊರೆಯುತ್ತದೆ. ವಿದ್ಯಾರ್ಥಿಯು ಈ ಪಾಠವನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲವೂ ಅಲಂಕಾರವಾಗುವುದು.

ಅಪೂರ್ವೀಕರಣದ ನಟನಾವಿಧಾನವನ್ನು ಕುರಿತು 1940ರಲ್ಲಿ ಬರೆದ ಕಿರುಗ್ರಂಥದಲ್ಲಿ ಅಭ್ಯಾಸಕಾಲಕ್ಕೆ ಮೂರು ಉಪಾಯಗಳನ್ನು ಹೇಳಿದೆ: ಪಾತ್ರದ ಮಾತನ್ನು ಪ್ರಥಮಪುರುಷಕ್ಕೆ ತಿರುಗಿಸುವುದು, ಭೂತಕಾಲಕ್ಕೆ ತಿರುಗಿಸುವುದು, ರಂಗಸೂಚನೆಗಳನ್ನೂ ಗಟ್ಟಿಯಾಗಿ ಓದುವುದು. ಈ ಮೂರೂ ಅಭ್ಯಾಸದ ಉಪಾಯಗಳೇ ಹೊರತು ಪ್ರದರ್ಶನದ ಅಲಂಕಾರಗಳಲ್ಲವೆಂಬುದನ್ನು ಗಮನಿಸಬೇಕು. ಪ್ರದರ್ಶನದ ರಾತ್ರಿ ನಟನು ‘ನಾನು’ ಎಂದೇ ಮಾತನಾಡುವನು. ಆದರೆ ‘ಅವನು’ ಎಂದು ಹಲವು ದಿನ ಹೇಳಿದ್ದರ ಸಂಸ್ಕಾರವು ಆ ‘ನಾನು’ವಿನ ಒಳಗೆ ಉಳಿದಿರುವುದು. ಅಭ್ಯಾಸದ ಹಂದರವನ್ನೇ ಮನೆಯೆಂದು ತಿಳಿದು, ಪ್ರೇಕ್ಷಕರ ಮುಂದೆಯೂ ರಂಗಸೂಚನೆಗಳನ್ನು ಓದಿಸುವ ನಿರ್ದೇಶಕರನ್ನು ಕಂಡಾಗ ಈ ಭೇದವನ್ನು ನೆನಪಿಸಬೇಕೆನಿಸುವುದು.

ಕನ್ನಡದ ನಟರು ಈ ಉಪಾಯಗಳನ್ನು ಪ್ರಯೋಗಿಸಿದಾಗ ಜರ್ಮನಿನಲ್ಲಿ ಕಾಣದ ಎರಡು ವಿಶೇಷಗಳು ಕಾಣಬರುವುವು. ಮೊದಲನೆಯದು ಸರ್ವನಾಮದ್ದು. ಜರ್ಮನ್ ನಟಿಯು ‘ನಾನು’ ಎಂಬುದನ್ನು ಕಳೆದು ಪ್ರಥಮಪುರುಷದ ಸ್ತ್ರೀಲಿಂಗರೂಪವನ್ನು ಹಾಕಿದರೆ ಕೆಲಸ ಮುಗಿಯಿತು. ಆ ರೂಪವು ಒಂದೇ. ನಮ್ಮ ನಟಿಗೆ ಅದು ಸಾಲದು. ‘ಅವಳು’ ಎನ್ನಬೇಕೆ, ‘ಆಕೆ’ ಎನ್ನಬೇಕೆ, ‘ಅವರು’ ಎನ್ನಬೇಕೆ? ಯಾವ ಮಾತನ್ನು ಆರಿಸಿದರೂ ಪಾತ್ರದ ವಯಸ್ಸು, ಅಂತಸ್ತು, ಹೇಳುವವಳಿಗೂ ಪಾತ್ರಕ್ಕೂ ಇರುವ ಸಂಬಂಧ, ಇವೆಲ್ಲವನ್ನೂ ಕುರಿತು ಒಂದು ತೀರ್ಪನ್ನು ಕೊಟ್ಟಂತಾಗುವುದು. ಜಮೀನುದಾರನನ್ನು ‘ಅವರು’ ಎಂದೂ ಅವನ ಒಕ್ಕಲನ್ನು ‘ಅವನು’ ಎಂದೂ ಯೋಚನೆಯಿಲ್ಲದೆ ಹೇಳಿಬಿಟ್ಟ ವಿದ್ಯಾರ್ಥಿಯು, ಏಕೆ ಹಾಗೆಂದೆ ಎಂದು ತನ್ನನ್ನು ತಾನೇ ಕೇಳಿಕೊಂಡ ಕ್ಷಣದಲ್ಲಿ, ಬ್ರೆಖ್ಟನು ಬಯಸಿದ ಸಾಮಾಜಿಕ ದೃಷ್ಟಿಯು ಯಾವ ಸಿದ್ಧಾಂತದ ನೆರವೂ ಇಲ್ಲದೆ ಅವನಲ್ಲಿ ಹುಟ್ಟುವುದು. ಎರಡನೆಯದು ವಾಕ್ಯರಚನೆಯದು. ನಮ್ಮಲ್ಲಿ ಆಡಿದ ಮಾತು ಮೊದಲು ಬಂದು ‘ಎಂದಳು’ ಎಂಬುದು ಕೊನೆಗೆ ಬರುವುದು ಸಹಜ. ಹೀಗಾದರೆ ನಟಿಯು ಮಾತಿನಲ್ಲಿ ಮುಳುಗಿ, ಕೊನೆಯಲ್ಲಿ ‘ಎಂದಳು’ ಎಂದು ಎಚ್ಚರಗೊಳ್ಳುವಳು. ಅಷ್ಟರಲ್ಲಿ ಆಗಬೇಕಾದ ಕೆಲಸವು ಕೆಟ್ಟಿರುವುದು. ಆದುದರಿಂದ ರಂಗಸೂಚನೆಯನ್ನೂ ‘ಹೀಗೆ ಹೇಳಿದಳು’ ಎಂಬುದನ್ನೂ ಮುಂದಕ್ಕೆ ತಂದು, ಆಮೇಲೆ ಮಾತನ್ನು ಆಡಿಸುವುದು ನಮ್ಮ ಭಾಷೆಯಲ್ಲಿ ಅವಶ್ಯಕವೆಂದು ತೋರುತ್ತದೆ. 1948ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಖೂರ್ ಪಟ್ಟಣದಲ್ಲಿ ‘ಆಂಟಿಗೊನೆ’ಯನ್ನು ಆಡಿಸಿದಾಗ ಬ್ರೆಖ್ಟನೇ ಇಂಥದೊಂದು ಏರ್ಪಾಟನ್ನು ಮಾಡಿದ್ದನು. ಅಭ್ಯಾಸಕ್ಕೆಂದು ಅವನು ಬರೆದುಕೊಟ್ಟ ಸೇತುಪದ್ಯಗಳನ್ನು ನಟರು ತಮ್ಮ ಮಾತಿಗೆ ಮೊದಲು ಹೇಳಬೇಕಾಗಿದ್ದಿತು. ಅವು ಮುಂದಿನ ಕ್ರಿಯೆಯನ್ನು ಕಥೆಯಾಗಿ ಹೇಳುವ ಪದ್ಯಗಳು. ನಟರು ರಂಗದ ಮೇಲೆಯೇ ಬೆಂಚುಗಳಲ್ಲಿ ಕುಳಿತಿದ್ದು ತಮ್ಮ ಸರದಿ ಬಂದಾಗ ಎದ್ದು ಬರುತ್ತಿದ್ದರು.

ಇವುಗಳಿಗಿಂತಲೂ ಬೋಧಪ್ರದವಾದವು, ಆದರೆ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಾರದವು, ‘ನಟರಿಗೆ ಅಭ್ಯಾಸದ ತುಣುಕುಗಳು’. ಬ್ರೆಖ್ಟನು ದೇಶಭ್ರಷ್ಟನಾಗಿ 1939–40ರಲ್ಲಿ ಸ್ಟಾಕ್‌ಹೋಮ್ ನಗರದ ಬಳಿ ಇದ್ದಾಗ, ನೈಮಾ ವೀಫ್‌ಸ್ಟ್ರಾಂಡ್ ಎಂಬ ನಟಿಯ ಶಾಲೆಯಲ್ಲಿ ಅವನ ಪತ್ನಿ ಹೆಲೀನ ವೈಗಲ್ ನಡೆಸತಕ್ಕ ಪಾಠಗಳಿಗಾಗಿ ಇವು ಹುಟ್ಟಿದವು. ಅಭಿಜಾತ ನಾಟಕದ ಪ್ರಸಿದ್ಧ ದೃಶ್ಯವೊಂದರ ಪಕ್ಕದಲ್ಲಿ, ಅದೇ ಕ್ರಿಯೆಯುಳ್ಳ ಸಾಮಾನ್ಯ ಜೀವನದ ದೃಶ್ಯವೊಂದನ್ನು ಇಡುವುದು ಇವುಗಳ ಪದ್ಧತಿ. ‘ಮ್ಯಾಕ್‌ಬೆತ್’ ನಾಟಕದ ರಾಜಹತ್ಯೆಗೆ ಜೊತೆಯಾಗಿ ದ್ವಾರಪಾಲಕನ ಮನೆಯಲ್ಲಿ ಒಂದು ಸಂಗತಿ ನಡೆಯುವುದು: ಉಡುಗೊರೆಗೆಂದು ಬಂದ ದೇವರಬೊಂಬೆಯನ್ನು ದ್ವಾರಪಾಲಕನ ಹೆಂಡತಿ ಒಡೆದುಹಾಕಿ, ಮಲಗಿದ್ದ ಭಿಕ್ಷುಕಿಯ ಮೇಲೆ ಅಪರಾಧವನ್ನು ಹೊರಿಸುವಳು. ಷಿಲ್ಲರನ ‘ಮಾರಿಯ ಸ್ಟುವರ್ಟ್’ ನಾಟಕದಲ್ಲಿ ಇಬ್ಬರು ರಾಣಿಯರ ಕಲಹವು ಇಲ್ಲಿ ಮೀನು ಮಾರುವ ಹೆಂಗಸರ ಕಲಹವಾಗಿದೆ. ರೋಮಿಯೊ ಜೂಲಿಯೆಟ್ಟರ ಉಪ್ಪರಿಗೆಯ ದೃಶ್ಯಕ್ಕೆ ಮೊದಲು, ರೋಮಿಯೊ ಹಣ ಕೂಡಿಸುವುದಕ್ಕಾಗಿ ತನ್ನ ಒಕ್ಕಲಿನವನ ಜೀವನಕ್ಕೆ ಆಧಾರವಾದ ಭೂಮಿಯನ್ನು ಮಾರಲು ಹೊರಡುವನು. ಜೂಲಿಯೆಟ್ ತನ್ನ ದಾಸಿಯನ್ನು ಅವಳ ಪ್ರಿಯನಲ್ಲಿಗೆ ಹೋಗಗೊಡದೆ ತನ್ನ ಕಾವಲಿಗೆ ನಿಲ್ಲಿಸಿಕೊಳ್ಳುವಳು.

ಈ ತುಣುಕುಗಳನ್ನು ವಿಡಂಬನವೆಂದು ತಿಳಿಯುವುದು ಸುಲಭ. ಹಾಗೆ ತಿಳಿದು ಆಡಿದರೆ ನಗೆ ಬರುವುದು, ಪಾಠ ಬರುವುದಿಲ್ಲ. ಇವು ಷೇಕ್ಸ್‌ಪಿಯರನನ್ನು ಹಂಗಿಸಲು ಬರೆದವಲ್ಲ. ವಿದ್ಯಾರ್ಥಿಯು ತುಣುಕನ್ನು ಆಡಿದ ಕೂಡಲೇ ಮೂಲದೃಶ್ಯಕ್ಕೆ ಹಿಂದಿರುಗಿ ಅದನ್ನು ಆಡಬೇಕು. ದಾಸಿಯನ್ನು ತಡೆದು ನಿಲ್ಲಿಸಿದ ಜೂಲಿಯೆಟ್ಟಳೇ ಉಪ್ಪರಿಗೆಯ ಮೇಲೆ ನಿಂತು ಪ್ರೇಮದ ಮಾತುಗಳನ್ನಾಡುವಳು. ಆ ಪ್ರೇಮವು ಸುಳ್ಳಲ್ಲ, ಆದರೆ ಅದು ಎಲ್ಲರಿಗೂ ಒಂದೇ ಬೆಲೆಗೆ ದೊರೆಯುವ ವಸ್ತುವಲ್ಲವೆಂಬುದು ಈಗ ನಟಿಗೆ ತಿಳಿದಿದೆ. ಕವಿಯು ಬರೆದ ಮಾತಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆಡುವ ದೇಹವು ಬದಲಾಗಿದೆ. ಅಭಿಜಾತ ಕೃತಿಗಳನ್ನು ಪಾಠ ಹೇಳುವ ನಮ್ಮ ಅಧ್ಯಾಪಕರು ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಶಾಕುಂತಲದ ಪ್ರತ್ಯಾಖ್ಯಾನದ ದೃಶ್ಯಕ್ಕೆ ಮೊದಲು, ಉಂಗುರವನ್ನು ಮಾರಹೋದ ಬೆಸ್ತನನ್ನು ಕಾವಲುಗಾರರು ಕಟ್ಟಿ ತರುವ ದೃಶ್ಯವನ್ನು ಆಡಿಸಿ ನೋಡಿದರೆ ಸಾಕು. ಕಾಳಿದಾಸನು ಅದನ್ನು ಮುಂದಿನ ಅಂಕದ ಮೊದಲಿಗೆ ತಾನೇ ಬರೆದಿಟ್ಟಿದ್ದಾನೆ.

ಇನ್ನು ಪ್ರದರ್ಶನದ ಮಾತು. ‘ಮದರ್ ಕರೇಜ್’ ನಾಟಕವು 1939ರಲ್ಲಿ ರಚಿತವಾಗಿ, 1941ರ ಏಪ್ರಿಲಿನಲ್ಲಿ ಜ್ಯೂರಿಚ್ ನಗರದಲ್ಲಿ ತೆರೇಸೆ ಗೀಸೆಯ ಅಭಿನಯದಿಂದ ಮೊದಲು ರಂಗವನ್ನು ಕಂಡಿತು. ಮೂವತ್ತು ವರ್ಷಗಳ ಯುದ್ಧದಲ್ಲಿ ಸೈನ್ಯದ ಹಿಂದೆ ಬಂಡಿಯನ್ನೆಳೆದುಕೊಂಡು ಸರಕು ಮಾರುವ ಹೆಂಗಸು ತನ್ನ ಮೂವರು ಮಕ್ಕಳನ್ನೂ ಕಳೆದುಕೊಳ್ಳುವ ಕಥೆ ಇದು. ಅಲ್ಲಿನ ಪತ್ರಿಕೆಗಳು ಅವಳಲ್ಲಿ ಗ್ರೀಕ್ ಪುರಾಣದ ನಿಯೊಬೆಯನ್ನೇ, ಸಂತಾನವನ್ನು ಕಳೆದುಕೊಂಡ ಶಾಶ್ವತ ಮಾತೆಯನ್ನೇ ಕಂಡು ಕರಗಿದವು. ಬ್ರೆಖ್ಟನಿಗೆ ಇದು ಒಪ್ಪಿಗೆಯಾಗಲಿಲ್ಲ. 1949ರ ಜನವರಿ 11ರಂದು ಬರ್ಲಿನ್ನಿನಲ್ಲಿ ವೈಗಲ್ ಆ ಪಾತ್ರವನ್ನು ವಹಿಸುವುದರೊಳಗಾಗಿ ಅವನು ಹಲವು ಕಡೆ ತಿದ್ದಿದನು. ಹಿಂದಿನ ಪಾಠದಲ್ಲಿ ಗಾಯಗೊಂಡವರಿಗಾಗಿ ಅಂಗಿಗಳನ್ನು ತಾನೇ ಕೊಡುತ್ತಿದ್ದವಳು ಈಗ ಕೊಡಲು ಒಪ್ಪುವುದಿಲ್ಲ. ಹಿರಿಯ ಮಗನನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗುವಾಗ ಅವಳು ಒಂದು ಪಟ್ಟಿಯ ಕೊಂಡಿಯ ವ್ಯಾಪಾರದಲ್ಲಿ ಮಗ್ನಳಾಗಿರುವಳು.

ಆದರೂ ಬರ್ಲಿನ್ನಿನ ಪ್ರೇಕ್ಷಕರೂ ಅತ್ತರು. ಇದನ್ನು ಹಿಡಿದು ಬ್ರೆಖ್ಟನ ತತ್ತ್ವವು ಅವನ ಪ್ರತಿಭೆಯಿಂದಲೇ ಸೋತಿತೆಂದು ಹೇಳುವ ವಿಮರ್ಶಕರುಂಟು. ಮೂರನೆಯ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಈ ವಾದವು ನಿಲ್ಲುವುದಿಲ್ಲ. ಕಿರಿಯ ಮಗನನ್ನು ಬಿಡಿಸಲು 200 ಗಿಲ್ಡರುಗಳು ಬೇಕು. ಬಂಡಿಯನ್ನು ಒತ್ತೆಯಿಟ್ಟರೆ ಅಷ್ಟು ಬರುವುದು. ಆದರೆ ಮುಂದಿನ ಜೀವನಕ್ಕೆ 80ನ್ನು ಉಳಿಸಿಕೊಳ್ಳಬೇಕೆಂದು ಅವಳು 120ಕ್ಕೆ ಚೌಕಾಸಿ ಮಾಡುವಳು. ಕೊನೆಗೆ ಪೂರ್ತಿ ಹಣಕ್ಕೆ ಒಪ್ಪುವ ವೇಳೆಗೆ ಹೊತ್ತು ಮೀರಿ, ಗುಂಡಿನ ಸದ್ದು ಕೇಳಿಬರುವುದು. ಈ ದೃಶ್ಯವನ್ನು ಅಭ್ಯಾಸಮಾಡುವ ವಿದ್ಯಾರ್ಥಿನಿಗೆ ‘ಅದಲ್ಲ, ಇದು’ ಎಂಬ ಬ್ರೆಖ್ಟನ ಸೂತ್ರವು ಬೇಕಾಗುವುದು. ನಟನು ಮಾಡುವ ಪ್ರತಿಯೊಂದು ಕ್ರಿಯೆಯಲ್ಲಿಯೂ ಅವನು ಮಾಡದೆ ಬಿಟ್ಟ ಕ್ರಿಯೆಯು ಕಾಣುತ್ತಿರಬೇಕೆಂಬುದು ಈ ಸೂತ್ರದ ಅರ್ಥ. ಪ್ರಥಮಪುರುಷದ ಅಭ್ಯಾಸವು ಇಲ್ಲಿ ಹೀಗಾದೀತು: ‘ಅವಳು ಚೀಲದ ಬಾಯನ್ನು ಬಿಗಿಹಿಡಿದು, ನೂರಿಪ್ಪತ್ತು ಕೊಡುವೆನೆಂದು ಹೇಳಿದಳು, ಇನ್ನೂರು ಎಂದು ಹೇಳಲಿಲ್ಲ.’ ಈ ಎರಡನೆಯ ವಾಕ್ಯಖಂಡವು ನಾಟಕದಲ್ಲಿಲ್ಲ. ಆದರೆ ನಟಿಯ ಕೈಯಲ್ಲಿ ಅದು ಇರಬೇಕು. ಬ್ರೆಖ್ಟನು ‘ಗೆಸ್ಟುಸ್’ ಎಂದು ಕರೆದದ್ದು ಇಂಥ ಕೈಯ ಬಿಗಿತವನ್ನೇ. ಅದನ್ನು ‘ಆಂಗಿಕ’ವೆಂದರೆ ಸಾಲದು, ದೇಹವು ನಿಂತ ರೀತಿ, ಲೋಕವ್ಯವಹಾರದಲ್ಲಿ ಮನುಷ್ಯನು ಹಿಡಿದ ಪಕ್ಷ, ಎರಡನ್ನೂ ಒಂದೇ ಮಾತಿನಲ್ಲಿ ಹೇಳುವ ‘ನಿಲುವು’ ಎಂಬ ಕನ್ನಡ ಪದವು ಹೆಚ್ಚು ಹೊಂದುವುದು.

ಗುಂಡಿನ ಸದ್ದನ್ನು ಕೇಳಿದಾಗ ವೈಗಲ್ ಮಾಡುತ್ತಿದ್ದ ಅಭಿನಯವು ಈ ಶತಮಾನದ ಅರಿವಿನಲ್ಲಿ ಉಳಿದುಬಂದಿದೆ: ತಲೆ ಹಿಂದಕ್ಕೆ ಬಾಗಿದೆ, ಬಾಯಿ ಪೂರ್ತಿ ತೆರೆದಿದೆ, ಶಬ್ದವಿಲ್ಲ. ಇದು ಮೊದಲ ರಾತ್ರಿಯಿಂದಲೇ ಇದ್ದದ್ದಲ್ಲ, ಮುಂದಿನ ಪ್ರದರ್ಶನಗಳಲ್ಲಿ ಬಂದು ಸೇರಿದ್ದು ಎಂದು ಬ್ರೆಖ್ಟನ ಟಿಪ್ಪಣಿಗಳಿಂದ ತಿಳಿಯುವುದು. ಅದರ ಮೂಲವನ್ನು ಕುರಿತು ಅವನು ಹೇಳುವ ಮಾತು ನಮಗೆ ವಿಶೇಷವಾದದ್ದು. ಸಿಂಗಪುರದ ಮೇಲೆ ದಾಳಿ ನಡೆದಾಗ ಸತ್ತ ಮಗನ ದೇಹದ ಬಳಿ ಕುಸಿದು ಕುಳಿತ ಭಾರತೀಯ ಸ್ತ್ರೀಯೊಬ್ಬಳ ಛಾಯಾಚಿತ್ರವು ಪತ್ರಿಕೆಯಲ್ಲಿ ಬಂದಿದ್ದಿತು. ವೈಗಲ್ ಅದನ್ನು ಎಂದೋ ಕಂಡಿರಬೇಕು, ಆದರೆ ಕೇಳಿದಾಗ ಆಕೆಗೆ ನೆನಪಿರಲಿಲ್ಲ. ನಟರ ಅವಲೋಕನವು ಹೀಗೆ ಒಳಗೆ ಸಂಗ್ರಹವಾಗುವುದೆಂದು ಅವನ ಅಭಿಪ್ರಾಯ. ತಣ್ಣಗಿನ ಕಲೆಯೆಂದು ನಾವು ಪಾಠ ಹೇಳುವ ಕಲೆಯ ಶಿಖರದಲ್ಲಿ ನಿಂತಿರುವುದು ಹೀಗೆ ಹೆಸರಿಲ್ಲದ ಒಬ್ಬ ತಾಯಿಯ ಶೋಕ. ಆದರೆ ಆ ಬಾಯಿಯು ತೆರೆಯುವುದಕ್ಕೆ ಸ್ವಲ್ಪ ಮೊದಲು ಅದೇ ದೇಹದ ಕೈ ಚೀಲವನ್ನು ಬಿಗಿಹಿಡಿದದ್ದನ್ನು ಪ್ರೇಕ್ಷಕನು ಕಂಡಿದ್ದಾನೆ. ಕರುಣೆಯು ಬರುವುದು, ಚೌಕಾಸಿಯ ನೆನಪು ಹೋಗುವುದಿಲ್ಲ. ಕಡೆಯ ದೃಶ್ಯದಲ್ಲಿ ಮಗಳ ಶವಸಂಸ್ಕಾರಕ್ಕೆಂದು ರೈತರಿಗೆ ಹಣವನ್ನು ಎಣಿಸಿಕೊಡುವಾಗ ವೈಗಲ್ ಒಂದು ನಾಣ್ಯವನ್ನು ಹಿಂದಕ್ಕೆ ಚೀಲದಲ್ಲಿ ಹಾಕಿಕೊಳ್ಳುವಳಂತೆ. ಅತ್ತವನು ಇದನ್ನೂ ನೋಡಬೇಕಾಯಿತು. ಇಷ್ಟಾದರೂ ಆ ಹೆಂಗಸು ಏನನ್ನೂ ಕಲಿಯಲಿಲ್ಲವಲ್ಲಾ ಎಂದು ಫ್ರೀಡ್ರಿಖ್ ವೋಲ್ಫ್ ಎಂಬ ನಾಟಕಕರ್ತನು 1949ರಲ್ಲಿ ಆಕ್ಷೇಪಿಸಿದಾಗ, ಅವಳು ಕಲಿಯದಿದ್ದರೂ ನೋಡುವವರು ಕಲಿಯಬಹುದೆಂಬ ದಿಕ್ಕಿನಲ್ಲಿ ಬ್ರೆಖ್ಟನು ಉತ್ತರಕೊಟ್ಟನು.

ಆಡುವವರೇ ಕಲಿಯುವ ನಾಟಕಗಳನ್ನು ಅವನು ಇದಕ್ಕೂ ಮೊದಲೇ ಬರೆದಿದ್ದನು. ‘ಹೌದೆನ್ನುವವನು’ ಎಂಬ ಶಾಲಾ ಸಂಗೀತನಾಟಕವು 1930ರ ಜೂನ್ 23ರಂದು ಬರ್ಲಿನ್ನಿನಲ್ಲಿ ವಿದ್ಯಾರ್ಥಿಗಳಿಂದ ಪ್ರಯೋಗವಾಯಿತು. ಸಂಗೀತವು ಕುರ್ಟ್ ವೈಲನದು. ಜಪಾನೀ ನೋ ನಾಟಕವೊಂದನ್ನು ಆರ್ಥರ್ ವೇಲಿ ಇಂಗ್ಲಿಷಿಗೆ ತಂದಿದ್ದನು; ಎಲಿಸಬೆತ್ ಹೌಪ್ಟ್‌ಮನ್ ಅದನ್ನು ಜರ್ಮನಿಗೆ ತಿರುಗಿಸಿದಳು; ಅದರಿಂದ ಇದು ಹುಟ್ಟಿತು. ಪ್ರಯಾಣದಲ್ಲಿ ಕಾಯಿಲೆಬಿದ್ದ ಬಾಲಕನು, ತನ್ನ ಸಲುವಾಗಿ ಉಳಿದವರು ಹಿಂದಿರುಗಬೇಕಾಗಿಲ್ಲವೆಂದು ಹಳೆಯ ಸಂಪ್ರದಾಯದಂತೆ ಒಪ್ಪಿ ಸಾಯುವುದು ಇದರ ಕಥೆ. ನಾಯ್‌ಕೋಲ್ನಿನ ಕಾರ್ಲ್ ಮಾರ್ಕ್ಸ್ ಶಾಲೆಯ ಮಕ್ಕಳು ಇದನ್ನು ಚರ್ಚಿಸಿ, ಬಾಲಕನು ಏಕೆ ಒಪ್ಪಬೇಕೆಂದು ಪ್ರಶ್ನಿಸಿದರು. ಬ್ರೆಖ್ಟನು ಅವರ ಮಾತಿಗೆ ಮನ್ನಣೆ ಕೊಟ್ಟು ನಾಟಕವನ್ನು ತಿದ್ದಿದನು; ಊರಿಗೆ ಬಂದ ಸಾಂಕ್ರಾಮಿಕದಿಂದ ಆ ಪ್ರಯಾಣವು ಅನಿವಾರ್ಯವಾಯಿತೆಂದು ಕಾರಣವನ್ನು ಬಲಪಡಿಸಿದ್ದಲ್ಲದೆ, ಬಾಲಕನು ಸಂಪ್ರದಾಯವನ್ನೇ ನಿರಾಕರಿಸುವ ‘ಇಲ್ಲವೆನ್ನುವವನು’ ಎಂಬ ಜೊತೆನಾಟಕವನ್ನೂ ಬರೆದನು. ಪಾತ್ರವನ್ನು ವಿಚಾರಿಸುವ ಹಕ್ಕು ನಟನಿಗುಂಟೆಂದು ಬಾಯಲ್ಲಿ ಹೇಳುವವರು ಬಹಳ. ಮಕ್ಕಳ ವಿಚಾರಣೆಗೆ ತನ್ನ ಕೃತಿಯನ್ನೇ ಒಡ್ಡಿದ ಕವಿಗಳು ವಿರಳ.

ನಮ್ಮ ಶಾಸ್ತ್ರದೊಡನೆ ಈ ಮತವನ್ನು ಹೋಲಿಸುವಾಗ ಎಚ್ಚರವಿರಬೇಕು. ರಸಾಸ್ವಾದವು ನಟನಲ್ಲಿಲ್ಲ, ಸಹೃದಯನಲ್ಲಿದೆ, ನಟನು ‘ಪಾತ್ರ’ ಮಾತ್ರ, ಮದ್ಯದ ಪಾತ್ರೆಯು ಮದ್ಯದ ರುಚಿಯನ್ನರಿಯದು ಎಂದು ಅಭಿನವಗುಪ್ತನು ಹೇಳಿರುವುದರಿಂದ, ನಟನು ಭಾವದಲ್ಲಿ ಕರಗಲೇಬೇಕೆಂಬ ನಿರ್ಬಂಧವು ನಮ್ಮಲ್ಲಿಯೂ ಇಲ್ಲವೆನ್ನಬಹುದು. ಸಾಮ್ಯವು ಇಲ್ಲಿಗೆ ನಿಲ್ಲುವುದು. ಸಾಧಾರಣೀಕರಣದಲ್ಲಿ ದೇಶಕಾಲಗಳ ವಿಶೇಷವು ಕಳಚಿ, ಸೀತೆಯ ದುಃಖವು ಯಾರದೂ ಅಲ್ಲದ, ಆದುದರಿಂದ ಎಲ್ಲರದೂ ಆದ ದುಃಖವಾಗುವುದು. ಬ್ರೆಖ್ಟನಿಗೆ ಬೇಕಾದದ್ದು ಇದರ ವಿಲೋಮ: ಎಲ್ಲರದೆಂದು ತೋರುವ ದುಃಖಕ್ಕೆ ಅದರ ವರ್ಷವನ್ನೂ ಊರನ್ನೂ ಬೆಲೆಯನ್ನೂ ಮತ್ತೆ ಅಂಟಿಸುವುದು. ಜ್ಯೂರಿಚಿನ ವಿಮರ್ಶಕರು ನಿಯೊಬೆಯನ್ನು ಕಂಡದ್ದು ಸಾಧಾರಣೀಕರಣದ ವಿಜಯವೆಂದು ನಮ್ಮ ಆಲಂಕಾರಿಕನು ಹೊಗಳಿಯಾನು. ಕವಿಯು ಅದನ್ನೇ ಸೋಲೆಂದು ಎಣಿಸಿ ತಿದ್ದಲು ಕುಳಿತನು. ಯಕ್ಷಗಾನದ ಭಾಗವತನನ್ನೂ ತಾಳಮದ್ದಳೆಯ ಅರ್ಥಧಾರಿಯನ್ನೂ ತೋರಿಸಿ ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎಂದು ಸಂತೋಷಪಡುವವರಿಗೂ ಇದೇ ಮಾತು. ಬ್ರೆಖ್ಟನು 1935ರಲ್ಲಿ ಮಾಸ್ಕೋ ನಗರದಲ್ಲಿ ಮೇಯ್ ಲಾನ್‌ಫಾಂಗ್ ಎಂಬ ಚೀಣೀ ನಟನು ವೇಷವಿಲ್ಲದೆ ಸ್ತ್ರೀಪಾತ್ರವನ್ನು ಅಭಿನಯಿಸಿದ್ದನ್ನು ಕಂಡು ಬೆರಗಾದದ್ದು ನಿಜ. ಆದರೆ ಆ ಕೌಶಲವನ್ನು ತನ್ನ ಉದ್ದೇಶಕ್ಕೆ ಬಿಡಿಸಿಕೊಂಡನೇ ಹೊರತು ಉದ್ದೇಶವು ಅಲ್ಲಿಯದೆಂದು ಹೇಳಲಿಲ್ಲ. ಅರ್ಥಧಾರಿಯು ಇಂದು ಕರ್ಣನ ಪಕ್ಷವನ್ನೂ ನಾಳೆ ಕೃಷ್ಣನ ಪಕ್ಷವನ್ನೂ ವಾದಿಸಬಲ್ಲ ವಿದ್ಯೆಯು ನಮ್ಮ ವಿದ್ಯಾರ್ಥಿಗೆ ದೊಡ್ಡ ಬಂಡವಾಳವೆಂಬುದರಲ್ಲಿ ಸಂದೇಹವಿಲ್ಲ; ಆದರೆ ಬಂಡವಾಳವು ವ್ಯಾಪಾರವಲ್ಲ.

ಕೊನೆಯದಾಗಿ ಮಾದರಿಪುಸ್ತಕಗಳ ವಿಷಯ. ರೂತ್ ಬೆರ್ಲೌ ತೆಗೆದ ಛಾಯಾಚಿತ್ರಗಳೊಡನೆ ‘ಆಂಟಿಗೊನೆ’, ‘ಮದರ್ ಕರೇಜ್’ ಪ್ರಯೋಗಗಳ ವಿವರವನ್ನು ಬ್ರೆಖ್ಟನು ಗ್ರಂಥರೂಪದಲ್ಲಿ ಸಿದ್ಧಪಡಿಸಿದನು. ಇತರ ತಂಡಗಳು ಇವನ್ನು ನೋಡಿ ಆಡಬೇಕೆಂದು ಅವನ ಇಚ್ಛೆ. ಸ್ವಾತಂತ್ರ್ಯಪ್ರಿಯರಾದ ಪಾಶ್ಚಾತ್ಯ ನಟರು ಇದನ್ನು ಬಂಧನವೆಂದು ದೂರಿದರು. ಗುರುವಿನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಕಲಿಯುವ ನಮ್ಮವರಿಗೆ ಇದರಲ್ಲಿ ಹೊಸತೇನೂ ಕಾಣದು. ನಮಗಿರುವ ಅಪಾಯ ಬೇರೆ. ವೈಗಲ್ ನಾಣ್ಯವನ್ನು ಹಿಂದಕ್ಕೆ ಹಾಕಿಕೊಂಡದ್ದನ್ನು ನೋಡಿ ತಾನೂ ಹಾಕಿಕೊಳ್ಳುವ ವಿದ್ಯಾರ್ಥಿನಿಯು, ಆ ನಾಣ್ಯದಿಂದ ಏನು ಬರುತ್ತಿತ್ತು, ಬಂಡಿಯಲ್ಲಿ ಉಳಿದ ಸರಕೆಷ್ಟು, ಮರುದಿನ ಬಂಡಿಯನ್ನು ಎಳೆಯುವವರು ಯಾರು ಎಂಬ ಲೆಕ್ಕವನ್ನು ತಾನೇ ಮಾಡಿದ್ದಾಳೆಯೆ ಎಂದು ಅಭ್ಯಾಸದ ಕೊಠಡಿಯಲ್ಲಿ ಅಧ್ಯಾಪಕನು ಕೇಳಬೇಕು. ಲೆಕ್ಕವು ಸರಿಯಾಗಿದ್ದರೆ ನಾಣ್ಯವನ್ನು ಹಿಂದಕ್ಕೆ ಹಾಕಿಕೊಳ್ಳದಿದ್ದರೂ ನಡೆದೀತು.